ಅಮ್ಮನನ್ನು ಹಸೆಮಣೆಯ ಹತ್ತಿರ ಕರೆತರುವುದು ಹೇಗೆ

ಅಕ್ಕನ ಮದುವೆಯಲ್ಲಿ ಅರಿಶಿನ-ಕುಂಕುಮದ ತಟ್ಟೆ ಹಿಡಿದು ಸಾಲಿನುದ್ದಕ್ಕೂ ಬರುತ್ತಿದ್ದ ಅತ್ತೆಯ ಕೈ ಅಮ್ಮನ ಎದುರಿಗೆ ಅರೆಗಳಿಗೆ ತಡೆದು, ಪಕ್ಕದವರ ಹಣೆಯ ಕಡೆಗೆ ಹೋಯಿತು. ಅಷ್ಟರಲ್ಲಾಗಲೇ ಅಮ್ಮ ಸೆರಗು ಹೊದ್ದುಕೊಂಡು ಒಂದು ಹೆಜ್ಜೆ ಹಿಂದೆ ಸರಿದಿದ್ದರು. ಸರಿಯಿರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನೋಡುತ್ತಿದ್ದ ನಾನೂ ಮಾತಾಡಲಿಲ್ಲ. ಐದು ವರ್ಷಗಳ ನಂತರ ನನ್ನ ಮದುವೆ ನಿಶ್ಚಯವಾದಾಗ ಆ ಒಂದು ಹೆಜ್ಜೆಯನ್ನು ಬದಲಿಸಲು ನಾವು ಮಾಡಿದ ಪ್ರಯತ್ನದಿಂದ ಕಲಿತದ್ದನ್ನು, ಇಂಥದೇ ಸಂದರ್ಭದಲ್ಲಿರುವ ಮಕ್ಕಳಿಗಾಗಿ ಬರೆಯುತ್ತಿದ್ದೇನೆ.

ಮೊದಲು ಮಾಡಬೇಕಾದದ್ದು, ನಂಬಿಕೆಯ ಗಂಟನ್ನು ಬಿಚ್ಚಿ ಒಂದೊಂದನ್ನೇ ನೋಡುವುದು. ವಿಧವೆಯರನ್ನು ಯಾವ ಯಾವ ಶಾಸ್ತ್ರದಿಂದ ದೂರ ಇಡುತ್ತಾರೆ, ಅದನ್ನು ನಿಮಗೆ ಯಾರು ಹೇಳಿದರು, ಅವರಿಗೆ ಯಾರು ಹೇಳಿದ್ದರು ಎಂದು ಕಾಗದದ ಮೇಲೆ ಬರೆಯಿರಿ. ನಾನು ಬರೆದಾಗ ಕಂಡದ್ದು ಇಷ್ಟು: ತಾಳಿ ಮತ್ತು ಕಾಲುಂಗುರ ಮದುವೆಯಿಂದ ಬಂದವು, ಆದರೆ ಹಣೆಯ ಕುಂಕುಮ, ಕೈಯ ಬಳೆ, ಮುಡಿಯ ಹೂವು ಅಮ್ಮನಿಗೆ ಲಂಗ ಉಡುವ ವಯಸ್ಸಿನಿಂದಲೇ ಇದ್ದವು. ಅಪ್ಪ ತಂದುಕೊಡದೇ ಇದ್ದದ್ದನ್ನು ಅಪ್ಪನ ಜೊತೆಗೆ ಕಳುಹಿಸಿಕೊಟ್ಟದ್ದು ಏಕೆ ಎಂಬ ಪ್ರಶ್ನೆಗೆ ನಮ್ಮ ಮನೆಯ ಹಿರಿಯರಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ವಿಧವಾ ವಿವಾಹವನ್ನು ಕಾನೂನು ಒಪ್ಪಿದ್ದು 1856ರಲ್ಲಿ. ಕುಂಕುಮದ ತಟ್ಟೆ ಮಾತ್ರ ಇನ್ನೂ ಎಷ್ಟೋ ಮನೆಗಳಲ್ಲಿ ಅವರನ್ನು ದಾಟಿಯೇ ಹೋಗುತ್ತಿದೆ. ಹಿರಿಯರೊಡನೆ ಮಾತಾಡುವಾಗ ಕಾನೂನಿಗಿಂತ ಹತ್ತಿರದ ಊರುಗಳ ಉದಾಹರಣೆ ಹೆಚ್ಚು ಕೆಲಸಕ್ಕೆ ಬರುತ್ತದೆ. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠಾಪನೆ ಮಾಡಿದ ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಲಾಯಿತು. ನಮ್ಮ ಗಡಿಗೆ ಹತ್ತಿರದ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ, ಗಂಡ ಸತ್ತಾಗ ಹೆಂಡತಿಯ ಬಳೆ ಒಡೆದು ಕುಂಕುಮ ಅಳಿಸುವ ಪದ್ಧತಿಯನ್ನು ನಿಲ್ಲಿಸಬೇಕೆಂದು 2022ರ ಮೇ ತಿಂಗಳಲ್ಲಿ ನಿರ್ಣಯ ಮಾಡಿತು. ದೇವರ ಪೂಜೆಗೇ ಸಲ್ಲುವ ಕೈ ಮಗಳ ತಲೆಯ ಮೇಲೆ ಅಕ್ಷತೆ ಹಾಕಲು ಸಲ್ಲದೇ ಎಂದು ನಾನು ದೊಡ್ಡಮ್ಮನನ್ನು ಕೇಳಿದೆ. ಅವರು ಕೂಡಲೇ ಒಪ್ಪಲಿಲ್ಲ, ಆದರೆ ಆ ದಿನದಿಂದ ವಾದ ಮಾಡುವುದನ್ನು ಬಿಟ್ಟರು.

ಇದೆಲ್ಲಕ್ಕಿಂತ ಕಷ್ಟದ ಮಾತುಕತೆ ತಾಯಿಯ ಜೊತೆಗಿನದು, ಅದನ್ನು ಅವರೊಬ್ಬರೇ ಇರುವಾಗ ನಡೆಸಬೇಕು. ರಾತ್ರಿ ಅಡುಗೆಮನೆ ಒರೆಸುತ್ತಿದ್ದ ಅಮ್ಮನಿಗೆ ನಾನು ವಿಷಯ ಹೇಳಿದಾಗ ಅವರು ಬಟ್ಟೆಯನ್ನು ಹಿಂಡಿ, ಮತ್ತೆ ಹಿಂಡಿ, "ನನ್ನ ಕೈಯಿಂದ ಬೇಡ ಮಗು, ನಾಳೆ ಏನಾದರೂ ಆದರೆ ನಾನು ಹೇಗೆ ಬದುಕಲಿ" ಎಂದರು. ತರ್ಕದಿಂದ ಅಳಿಸಬಹುದಾದ ಮಾತಲ್ಲ ಅದು. ಹದಿನಾಲ್ಕು ವರ್ಷ ತನ್ನನ್ನು ತಾನೇ ಅಶುಭ ಎಂದುಕೊಂಡು ಬದುಕಿದವರಿಗೆ ಹಿಂದೆ ನಿಲ್ಲುವುದೇ ಮಕ್ಕಳಿಗೆ ಮಾಡುವ ರಕ್ಷಣೆಯಾಗಿರುತ್ತದೆ, ಮುಂದೆ ಬಾ ಎಂದು ಕರೆಯುವುದು ಆ ರಕ್ಷಣೆಯನ್ನು ಕಿತ್ತುಕೊಂಡಂತೆ ಅವರಿಗೆ ಕಾಣುತ್ತದೆ. ಆದ್ದರಿಂದ ಒತ್ತಾಯ ಬೇಡ. ಏನಾದರೂ ಆದರೆ ಅದರ ಹೊಣೆ ನನ್ನದು, ನಿನ್ನದಲ್ಲ ಎಂದು ಸ್ಪಷ್ಟವಾಗಿ ಹೇಳಿ, ಚಿಕ್ಕದೊಂದನ್ನು ಕೇಳಿ. ನಾನು ಬಳೆ ತೊಡಿಸು ಎಂದು ಮಾತ್ರ ಕೇಳಿದೆ. ಅವರು ಬೇಡವೆಂದಿದ್ದರೆ ಅದನ್ನೂ ಒಪ್ಪಬೇಕಿತ್ತು, ಏಕೆಂದರೆ ನಮ್ಮ ಹೊಸ ನಂಬಿಕೆಯನ್ನು ಅವರ ಮೇಲೆ ಹೇರಿದರೆ ಹಳೆಯದನ್ನು ಹೇರಿದವರಿಗೂ ನಮಗೂ ವ್ಯತ್ಯಾಸ ಉಳಿಯುವುದಿಲ್ಲ.

ತಾಯಿ ಒಪ್ಪಿದ ಮೇಲೆ ಪುರೋಹಿತರನ್ನು ಕನಿಷ್ಠ ಎರಡು ತಿಂಗಳು ಮುಂಚೆ ಕಾಣಿ. ಮುಹೂರ್ತದ ದಿನ ಚಪ್ಪರದ ಕೆಳಗೆ ಈ ಚರ್ಚೆ ಎತ್ತಿದರೆ ಎಲ್ಲರೂ ಹಳೆಯದಕ್ಕೇ ಅಂಟಿಕೊಳ್ಳುತ್ತಾರೆ. ನಾವು ಕೇಳಿದ ಮೊದಲನೆಯವರು ಆಗದೆಂದರು. ಎರಡನೆಯವರು, ಧಾರೆಗೆ ದೊಡ್ಡಪ್ಪ ದೊಡ್ಡಮ್ಮ ಕುಳಿತರೂ ತಾಯಿ ಪಕ್ಕದಲ್ಲಿ ನಿಂತು ಕಲಶಕ್ಕೆ ಕೈ ತಾಗಿಸಲಿ ಎಂದರು. ಗಂಡಿನ ಮನೆಯವರಿಗೂ ಆಗಲೇ ತಿಳಿಸಿ. ಲಗ್ನಪತ್ರಿಕೆಯ ಕರಡನ್ನು ಮಾತ್ರ ಬೇರೆಯವರಿಗೆ ಬಿಡಬೇಡಿ: ಆಹ್ವಾನಿಸುವವರ ಜಾಗದಲ್ಲಿ ಚಿಕ್ಕಪ್ಪ-ಚಿಕ್ಕಮ್ಮನ ಹೆಸರು ಹಾಕಿ, ತಾಯಿಯನ್ನು ದಿವಂಗತರ ಹೆಸರಿನ ಹಿಂದೆ ಸೇರಿಸುವ ವಾಡಿಕೆ ಅಚ್ಚಿನ ಮನೆಯವರಿಗೂ ರೂಢಿಯಾಗಿರುತ್ತದೆ. ತಾಯಿಯ ಹೆಸರು ಮೊದಲ ಸಾಲಿನಲ್ಲಿ ಅಚ್ಚಾಗಿ ಊರಿನ ಎಲ್ಲ ಮನೆಗಳಿಗೂ ಹೋಗಿಬಿಟ್ಟರೆ ಅರ್ಧದಷ್ಟು ಗುಸುಗುಸು ಮದುವೆಗೆ ಮೊದಲೇ ಮುಗಿದಿರುತ್ತದೆ.

ಅಂದು ತಾಯಿಗೆ ಮೊದಲ ಕುಂಕುಮ ಯಾರು ಇಡಬೇಕೆಂಬುದನ್ನೂ ಮುಂಚೆಯೇ ಗೊತ್ತುಮಾಡಿ. ಮನೆಯ ಹಿರಿಯ ಮುತ್ತೈದೆಯೇ ಇಟ್ಟರೆ ಉಳಿದವರ ಕೈ ತಡೆಯುವುದಿಲ್ಲ. ನಮ್ಮಲ್ಲಿ ಇಟ್ಟವರು ದೊಡ್ಡಮ್ಮ. ಆ ಗಳಿಗೆಯ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕುವ ಆಸೆಯನ್ನು ದಯವಿಟ್ಟು ತಡೆದುಕೊಳ್ಳಿ.

ಇನ್ನೊಂದು ಮಾತನ್ನು ನನಗೆ ಯಾರೂ ಮುಂಚೆ ಹೇಳಿರಲಿಲ್ಲ. ಮದುವೆಯಾದ ಮೂರನೆಯ ತಿಂಗಳು ನನ್ನ ಗಂಡ ಬೈಕಿನಿಂದ ಬಿದ್ದು ಮುಂಗೈ ಮುರಿದುಕೊಂಡಾಗ, ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದ ನನ್ನೊಳಗೇ "ಅಂದು ಹಾಗೆ ಮಾಡಿದ್ದಕ್ಕೇ ಇರಬಹುದೇ" ಎಂಬ ಮಾತು ಎದ್ದಿತು. ಬುದ್ಧಿ ಕೈಬಿಟ್ಟ ನಂಬಿಕೆಯೂ ಹೆದರಿಕೆಯ ಹೊತ್ತಿನಲ್ಲಿ ಹೀಗೆ ಮರಳಿ ಬರುತ್ತದೆ, ಬಂದದ್ದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಅಕ್ಕನ ಮದುವೆಯಲ್ಲಿ ಎಲ್ಲ ಶಾಸ್ತ್ರವೂ ಹಳೆಯ ಕ್ರಮದಲ್ಲೇ ನಡೆದಿತ್ತು, ಆದರೂ ಭಾವನಿಗೆ ಎರಡು ಬಾರಿ ಶಸ್ತ್ರಚಿಕಿತ್ಸೆಯಾಗಿತ್ತು ಎಂಬುದನ್ನು ನಾನು ನೆನಪಿಸಿಕೊಂಡೆ. ಆಮೇಲೆ ಅಮ್ಮನಿಗೆ ಫೋನ್ ಮಾಡಿ, ಅವರ ಮನಸ್ಸಿಗೂ ಅದೇ ಬಂದಿರುತ್ತದೆಂದು ತಿಳಿದಿದ್ದರಿಂದ, ಬೈಕಿನ ಹಿಂದಿನ ಚಕ್ರ ಮರಳಿನ ಮೇಲೆ ಜಾರಿದ್ದನ್ನು ವಿವರವಾಗಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಬ್ರೇಕ್ ಸರಿ ಮಾಡಿಸಿಕೊಳ್ಳಲಿ" ಎಂದರು.

ಹಿರಿಯರಿಂದ ಬಂದದ್ದರಲ್ಲಿ ಸೋಬಾನೆ ಪದವನ್ನೂ ಹಸೆ ಬರೆಯುವುದನ್ನೂ ನಾವು ಬಿಡಲಿಲ್ಲ. ಗೌರಿ ಹಬ್ಬಕ್ಕೆ ಮೊರದ ಬಾಗಿನ ಕಟ್ಟುವಾಗ ಈಗ ಒಂದು ಮೊರ ಹೆಚ್ಚು ತರುತ್ತೇನೆ, ಅದರಲ್ಲಿ ಬಳೆ ಇಡುವಾಗ ಅಮ್ಮನ ಕೈಯ ಅಳತೆ ನೋಡಿಕೊಳ್ಳುತ್ತೇನೆ.