ಗ್ಲೋ ಎಂಜಿನ್‌ಗೆ ಪ್ರೊಪೆಲ್ಲರ್ ಬಿಗಿಯುವಾಗ

ಮಾದರಿ ವಿಮಾನಕ್ಕೆ 40-46 ಸೈಜಿನ (0.40-0.46 ಘನ ಇಂಚು) ಟೂ-ಸ್ಟ್ರೋಕ್ ಗ್ಲೋ ಎಂಜಿನ್, ಅಂದರೆ ಗ್ಲೋ ಪ್ಲಗ್ಗಿನ ಕಾವಿನಿಂದ ಇಂಧನ ಉರಿಸುವ ಪುಟ್ಟ ಎಂಜಿನ್, ಹಾಕುವವರಿಗೆ. ಇವುಗಳ ಶಾಫ್ಟ್ ಸಾಮಾನ್ಯವಾಗಿ ಕಾಲಿಂಚು, ಅಂದರೆ 6.35 ಮಿ.ಮೀ. ಪ್ರೊಪೆಲ್ಲರ್ ತೂತು ಚಿಕ್ಕದಿದ್ದರೆ ಕೈಯಲ್ಲಿ ಡ್ರಿಲ್ ಮಷೀನ್ ಹಿಡಿದು ದೊಡ್ಡದು ಮಾಡಲೇಬೇಡಿ. ತೂತು ಒಂದು ಕಡೆ ವಾಲಿದರೆ ಇಡೀ ವಿಮಾನ ನಡುಗುತ್ತದೆ. ಸ್ಟೆಪ್ ರೀಮರ್ (ತೂತನ್ನು ನೆಟ್ಟಗೆ ಹಿಗ್ಗಿಸುವ, ಮೆಟ್ಟಿಲು ಮೆಟ್ಟಿಲಾಗಿ ದಪ್ಪವಾಗುವ ಉಪಕರಣ) ತಗೊಳ್ಳಿ, ದುಡ್ಡು ದಂಡವಲ್ಲ. ಆಮೇಲೆ ಪ್ರೊಪೆಲ್ಲರಿನ ಎರಡೂ ಕಡೆ ಸಮತೂಕವಿದೆಯೇ ಎಂದು ಬ್ಯಾಲೆನ್ಸ್ ನೋಡಿ.

ಅಕ್ಷರ, ನಂಬರ್ ಇರುವ ಮುಖ ಮುಂದಕ್ಕೆ. ಪ್ರೊಪೆಲ್ಲರ್ ಮೇಲೆ ವಾಷರ್, ಅದರ ಮೇಲೆ ನಟ್. ವಾಷರ್ ಬಿಟ್ಟರೆ ನಟ್ ಹಬ್ (ಪ್ರೊಪೆಲ್ಲರಿನ ನಡುಭಾಗ) ಒಳಗೆ ಕೊರೆಯುತ್ತದೆ. ಬಿಗಿಯಲು ಸರಿಯಾಗಿ ಕೂರುವ ಸ್ಪ್ಯಾನರ್ ಬೇಕು, ಕಟಿಂಗ್ ಪ್ಲೇಯರ್ ಅಲ್ಲ. ನಟ್ ದಾಟಿ ಶಾಫ್ಟಿನ ಎರಡು ಮೂರು ಸುತ್ತು ಥ್ರೆಡ್ ಹೊರಗೆ ಕಾಣಬೇಕು.

ಸರಿಯಾಗಿ ಬಿಗಿದದ್ದೂ ಕಳಚುವುದು ಏಕೆ? ಎಂಜಿನ್ ಓಡುವಾಗ ಗಾಳಿಯ ತಡೆ ನಟ್ಟನ್ನು ಬಿಗಿಯುವ ಕಡೆಗೇ ತಳ್ಳುತ್ತದೆ. ಆದರೆ ಇಂಧನ-ಗಾಳಿ ಮಿಶ್ರಣ ತೀರಾ ಲೀನ್ (ಇಂಧನ ಕಮ್ಮಿ) ಆಗಿ ಎಂಜಿನ್ ಹಿಂದಕ್ಕೆ ಒದ್ದಾಗ ಶಾಫ್ಟ್ ಗಕ್ಕನೆ ನಿಲ್ಲುತ್ತದೆ, ಪ್ರೊಪೆಲ್ಲರ್ ತನ್ನ ವೇಗದಲ್ಲೇ ತಿರುಗಿ ನಟ್ಟನ್ನು ಬಿಚ್ಚಿಬಿಡುತ್ತದೆ. ಹಾಗಾಗಿ ನೀಡಲ್ (ಇಂಧನದ ಪ್ರಮಾಣ ಹೊಂದಿಸುವ ತಿರುಪು) ಸ್ವಲ್ಪ ರಿಚ್, ಅಂದರೆ ಇಂಧನ ತುಸು ಜಾಸ್ತಿ ಬರುವಂತೆ, ಇಡಿ. ಫೋರ್-ಸ್ಟ್ರೋಕ್‌ಗಳಲ್ಲಿ ಈ ಕಾಟ ಜಾಸ್ತಿ, ಅವಕ್ಕೆ ಡಬಲ್ ನಟ್ ಕಡ್ಡಾಯ.

ಮರದ ಪ್ರೊಪೆಲ್ಲರ್ ಒತ್ತಡಕ್ಕೆ ಕುಗ್ಗುತ್ತದೆ. ಮೊದಲ ಸಲ ಓಡಿಸಿ ನಿಲ್ಲಿಸಿದ ಮೇಲೆ ಮತ್ತೆ ಬಿಗಿಯಿರಿ, ನಂತರ ಪ್ರತಿ ಹಾರಾಟಕ್ಕೆ ಮುಂಚೆ ಒಮ್ಮೆ ಸ್ಪ್ಯಾನರ್ ತಾಗಿಸಿ. ಅಂಚಿನಲ್ಲಿ ಸಣ್ಣ ಸೀಳು ಕಂಡರೂ ಎಸೆಯಿರಿ, ಫೆವಿಕ್ವಿಕ್ ಹಚ್ಚಿ ಹಾರಿಸುವ ಜಿಪುಣತನ ಬೇಡ. ನೀಡಲ್ ತಿರುಗಿಸುವಾಗ ಪ್ರೊಪೆಲ್ಲರ್ ಹಿಂದೆ ನಿಲ್ಲಿ. ಪ್ರೊಪೆಲ್ಲರ್ ತಿರುಗುವ ನೇರಕ್ಕೆ, ಅದರ ಎಡಬಲದಲ್ಲಿ ಯಾರೂ ಇರಬಾರದು.