ಉಸಿರಾಟದ ಪಾಠ: ನಾನು ಮಕ್ಕಳಿಗೆ ಹೇಳಿಕೊಡುವ ಬಗೆ

ಉಸಿರಾಟದ ಪಾಠಕ್ಕೆ ನಾನು ಚಿತ್ರಪಟ ಬಿಚ್ಚುವುದು ಕೊನೆಗೆ. ಮೊದಲು ಒಂದೇ ಪ್ರಶ್ನೆ. ಗಾಳಿ ಒಳಗೆ ಹೋಗಿದ್ದಕ್ಕೆ ಎದೆ ಉಬ್ಬುತ್ತದಾ, ಇಲ್ಲಾ ಎದೆ ಉಬ್ಬಿದ್ದಕ್ಕೆ ಗಾಳಿ ಒಳಗೆ ಹೋಗುತ್ತದಾ? ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಮೊದಲನೆಯದಕ್ಕೇ ಕೈ ಎತ್ತುತ್ತಾರೆ. ಸರಿ ಉತ್ತರ ಎರಡನೆಯದು. ಇದೊಂದು ಮನಸ್ಸಿಗೆ ಕೂತರೆ ಉಳಿದದ್ದೆಲ್ಲ ಸಲೀಸು, ಹಾಗಾಗಿ ನನ್ನ ಹೊತ್ತೆಲ್ಲ ಇದಕ್ಕೇ ಮೀಸಲು.

ಮಕ್ಕಳನ್ನು ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ತೆಳ್ಳಗಿನ ಪುಸ್ತಕ ಇಡಿಸುತ್ತೇನೆ. ಉಸಿರು ಎಳೆದಾಗ ಪುಸ್ತಕ ಮೇಲೇಳುತ್ತದೆ, ಬಿಟ್ಟಾಗ ಇಳಿಯುತ್ತದೆ. "ಹಾಗಾದ್ರೆ ಗಾಳಿ ಹೊಟ್ಟೆಗೂ ಹೋಗುತ್ತಾ ಟೀಚರ್?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ, ನನಗೆ ಬೇಕಾಗಿರುವುದೂ ಆ ಪ್ರಶ್ನೆಯೇ. ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದ ಹಾಗೆ ಬಾಗಿದ ಒಂದು ಸ್ನಾಯು ಇದೆ, ಅದೇ ವಪೆ. ಅದು ಬಿಗಿಯಾದಾಗ ಚಪ್ಪಟೆಯಾಗಿ ಕೆಳಗಿಳಿದು ಹೊಟ್ಟೆಯೊಳಗಿನ ಅಂಗಗಳನ್ನು ಒತ್ತುತ್ತದೆ, ಅದಕ್ಕೇ ಹೊಟ್ಟೆ ಮುಂದೆ ಬರುತ್ತದೆ. ಅದೇ ಹೊತ್ತಿಗೆ ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಎದೆಗೂಡನ್ನು ಮೇಲಕ್ಕೂ ಹೊರಕ್ಕೂ ಎತ್ತುತ್ತವೆ. ಒಳಗೆ ಜಾಗ ಜಾಸ್ತಿಯಾಗಿ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ತಾನಾಗಿಯೇ ಒಳಗೆ ನುಗ್ಗುತ್ತದೆ. ತನ್ನನ್ನು ತಾನೇ ಹಿಗ್ಗಿಸಿಕೊಳ್ಳುವ ಸ್ನಾಯು ಶ್ವಾಸಕೋಶಕ್ಕೆ ಇಲ್ಲ.

ಆಮೇಲೆ ಬಾಟಲಿಯಲ್ಲಿ ಎದೆಯ ಮಾದರಿ: ಬಾಟಲಿಯೇ ಎದೆಗೂಡು, ಒಳಗಿನ ಬಲೂನು ಶ್ವಾಸಕೋಶ, ತಳದ ಬಲೂನು ವಪೆ. ಸ್ವಲ್ಪ ಗಟ್ಟಿಯಾದ ಪ್ಲಾಸ್ಟಿಕ್ ಬಾಟಲಿಯೇ ಬೇಕು, ತೆಳುವಾದದ್ದು ಎಳೆದಾಗ ಒಳಕ್ಕೆ ಮುದುಡುತ್ತದೆ. ತಳವನ್ನು ದೊಡ್ಡವರೇ ಕತ್ತರಿಸಿ, ಅಂಚಿಗೆ ಸುತ್ತಲೂ ಟೇಪ್ ಹಚ್ಚಬೇಕು, ಇಲ್ಲದಿದ್ದರೆ ಅಲ್ಲೇ ಬಲೂನು ಹರಿಯುತ್ತದೆ. ಒಂದು ಬಲೂನನ್ನು ಬಾಟಲಿಯ ಬಾಯಿಂದ ಒಳಗೆ ಇಳಿಬಿಟ್ಟು ಅದರ ತುದಿಯನ್ನು ಬಾಯಿಯ ಅಂಚಿಗೆ ಮಡಚಿ ಸಿಕ್ಕಿಸುವುದು. ಇನ್ನೊಂದಕ್ಕೆ ಗಂಟು ಹಾಕಿ, ಗಂಟಿನ ಎದುರಿನ ದುಂಡು ತುದಿ ಕತ್ತರಿಸಿ, ತಳಕ್ಕೆ ಬಿಗಿಯಾಗಿ ಎಳೆದು ಟೇಪ್ ಸುತ್ತುವುದು. ಈಗ ಗಂಟು ಹಿಡಿದು ಕೆಳಗೆ ಎಳೆಯಿರಿ. ಯಾರೂ ಊದಿಲ್ಲ, ಆದರೂ ಒಳಗಿನ ಬಲೂನು ಉಬ್ಬುತ್ತದೆ! ಉಬ್ಬದಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ ಅಂತಲೇ ಲೆಕ್ಕ, ಸಾಮಾನ್ಯವಾಗಿ ತಳದ ಟೇಪಿನ ಹತ್ತಿರ.

ಈ ಮಾದರಿಯಲ್ಲಿ ಇಲ್ಲದ್ದನ್ನೂ ಮಕ್ಕಳಿಗೆ ಹೇಳಲೇಬೇಕು ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಬಾಟಲಿಯ ಗೋಡೆ ಅಲ್ಲಾಡುವುದಿಲ್ಲ, ನಮ್ಮ ಪಕ್ಕೆಲುಬು ಅಲ್ಲಾಡುತ್ತದೆ. ಬಲೂನಿಗೂ ಬಾಟಲಿಗೂ ನಡುವೆ ಗಾಳಿ ತುಂಬಿದ ಜಾಗ ಇದೆ, ನಮ್ಮೊಳಗೆ ಅಲ್ಲಿರುವುದು ತೆಳುವಾದ ದ್ರವದ ಪದರ ಅಷ್ಟೇ. ಮುಖ್ಯವಾಗಿ, ಶ್ವಾಸಕೋಶ ಬಲೂನಿನಂತೆ ಟೊಳ್ಳಲ್ಲ. ಶ್ವಾಸನಾಳ ಕವಲೊಡೆಯುತ್ತಾ ಹೋಗಿ ಕೊನೆಗೆ ಕೋಟಿಗಟ್ಟಲೆ ಪುಟ್ಟ ಗಾಳಿಗೂಡುಗಳಾಗುತ್ತದೆ. ಆಮ್ಲಜನಕ ರಕ್ತಕ್ಕೆ ಸೇರುವುದು, ಇಂಗಾಲದ ಡೈಆಕ್ಸೈಡ್ ಹೊರಬರುವುದು ಅಲ್ಲೇ.

ಉಸಿರು ಎಣಿಸುವುದು ಮಕ್ಕಳಿಗೆ ತುಂಬಾ ಇಷ್ಟ. ಆದರೆ ತನ್ನದನ್ನು ತಾನೇ ಎಣಿಸಲು ಕೂತರೆ ಉಸಿರಿನ ಲಯವೇ ಬದಲಾಗುತ್ತದೆ. ಅದಕ್ಕೇ ಜೋಡಿ ಮಾಡಿ, ಒಬ್ಬರು ಚಿತ್ರ ಬಿಡಿಸುತ್ತಿರುವಾಗ ಇನ್ನೊಬ್ಬರು ಸದ್ದಿಲ್ಲದೆ ಎಣಿಸಲಿ. ದೊಡ್ಡವರಿಗೆ ಸುಮ್ನೆ ಕೂತಾಗ ನಿಮಿಷಕ್ಕೆ 12ರಿಂದ 20, ಮಕ್ಕಳಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಒಂದು ಸುತ್ತು ಓಡಿ ಬಂದ ಮೇಲೆ ಮತ್ತೆ ಎಣಿಸಿದರೆ ವ್ಯತ್ಯಾಸ ಅವರಿಗೇ ಗೊತ್ತಾಗುತ್ತದೆ.

ಬಿಟ್ಟ ಉಸಿರಲ್ಲಿ ಆಮ್ಲಜನಕವೇ ಇರುವುದಿಲ್ಲ ಅಂತ ಬಹಳ ಮಕ್ಕಳು ನಂಬಿರುತ್ತಾರೆ. ಎಳೆದುಕೊಳ್ಳುವ ಗಾಳಿಯಲ್ಲಿ ಸುಮಾರು 21%, ಬಿಡುವ ಗಾಳಿಯಲ್ಲೂ ಸುಮಾರು 16% ಇರುತ್ತದೆ. ಉಸಿರು ನಿಂತವರಿಗೆ ಬಾಯಿಂದ ಗಾಳಿ ಕೊಟ್ಟರೆ ಉಪಯೋಗವಾಗುವುದು ಹಾಗೆ. ಉಸಿರು ಕಟ್ಟುವ ಪಂದ್ಯ ಮಾತ್ರ ನಾನು ಆಡಿಸುವುದಿಲ್ಲ, ನೀರಿನಲ್ಲಂತೂ ಅದು ಜೀವಕ್ಕೇ ಅಪಾಯ. ಸ್ವಲ್ಪ ಹೊತ್ತು ತಡೆದರೆ "ಇನ್ನಾಗಲ್ಲ" ಅನಿಸುತ್ತದಲ್ವಾ, ಅದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ್ದಕ್ಕೆ ಮೆದುಳು ಕೊಡುವ ಸೂಚನೆ.

ಇಷ್ಟಾದ ಮೇಲೆ ಬಿಕ್ಕಳಿಕೆ ಯಾಕೆ ಬರುತ್ತದೆ ಅಂತ ಕೇಳುತ್ತೇನೆ. ವಪೆ ತಟ್ಟನೆ ಸೆಳೆದುಕೊಂಡಿತು, ಗಾಳಿ ಒಳಗೆ ನುಗ್ಗಿತು ಅನ್ನುವವರೆಗೆ ಮಕ್ಕಳೇ ಹೇಳುತ್ತಾರೆ. ಅಷ್ಟರಲ್ಲಿ ಗಂಟಲಿನ ಧ್ವನಿತಂತುಗಳು ಮುಚ್ಚಿಕೊಂಡು "ಹಿಕ್" ಅನ್ನುವ ಸದ್ದು ಬರುತ್ತದೆ ಅನ್ನುವುದನ್ನಷ್ಟೇ ನಾನು ಸೇರಿಸುತ್ತೇನೆ.