ಯಾವ ಊರಿಗೆ ಯಾವ ಖರೀದಿ ಕೇಂದ್ರ ಹತ್ತಿರ? ಆರ್ ಹೇಳುತ್ತದೆ

ಕಲಬುರಗಿ ಜಿಲ್ಲೆಯ ಊರುಗಳ ಪಟ್ಟಿ ಒಂದು, ತೊಗರಿ ಖರೀದಿ ಕೇಂದ್ರಗಳ ಪಟ್ಟಿ ಇನ್ನೊಂದು. ಯಾವ ಊರಿಗೆ ಯಾವ ಕೇಂದ್ರ ಹತ್ತಿರ ಅಂತ ನಕ್ಷೆಯಲ್ಲಿ ಒಂದೊಂದಾಗಿ ಹುಡುಕುತ್ತ ಕೂತರೆ ತೊಗರಿ ರಾಶಿಯೇ ಮುಗಿದುಹೋಗುತ್ತದೆ. ಆರ್ ಎಂಬ ಉಚಿತ ಸಾಫ್ಟ್‌ವೇರ್‌ಗೆ ಇದು ಕ್ಷಣದ ಕೆಲಸ.

ಎರಡೂ ಪಟ್ಟಿಗಳನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸಾದಾ ಪಠ್ಯ) ಫೈಲ್ ಮಾಡಿಟ್ಟುಕೊಳ್ಳಿ. ಹೆಸರು, ರೇಖಾಂಶ, ಅಕ್ಷಾಂಶ, ಇಷ್ಟು ಕಾಲಂ ಸಾಕು. ಆರ್‌ನಲ್ಲಿ ನಕ್ಷೆ ಲೆಕ್ಕಗಳಿಗೆಂದೇ ಇರುವ 'ಎಸ್ಎಫ್' (sf) ಪ್ಯಾಕೇಜ್ ತೆರೆದು, 'ಎಸ್‌ಟಿ_ಆಸ್_ಎಸ್ಎಫ್' ಫಂಕ್ಷನ್‌ನಿಂದ ಪಟ್ಟಿಗಳನ್ನು ಬಿಂದುಗಳಾಗಿ ಮಾಡಿ. ಸಿಆರ್‌ಎಸ್ (ಅಂಕಿಗಳು ಯಾವ ಅಳತೆ ಪದ್ಧತಿಯವು ಅಂತ ಹೇಳುವ ಸಂಕೇತ) ಕೇಳಿದಲ್ಲಿ 4326 ಕೊಡಿ. ಮೊಬೈಲಿನ ಜಿಪಿಎಸ್ ಅಂಕಿಗಳಿಗೆ ಅದೇ ಸರಿ.

ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಕಲಬುರಗಿ ಅಂದರೆ ಸುಮಾರು 76.8, 17.3. ಇದನ್ನು ತಿರುಗಾಮುರುಗಾ ಬರೆದರೆ ನಮ್ಮ ಬಿಸಿಲೂರು ಸೀದಾ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಹತ್ತಿರ ಹೋಗಿ ಬೀಳುತ್ತದೆ! ಬೇಸಿಗೆಯಲ್ಲಿ ಯಾರೂ ಬೇಡ ಅನ್ನಲಿಕ್ಕಿಲ್ಲ, ಆದರೆ ಲೆಕ್ಕ ಕೆಡುತ್ತದೆ. ಬಿಂದುಗಳನ್ನು ಒಮ್ಮೆ ನಕ್ಷೆ ಮೇಲೆ ಹಾಕಿ ನೋಡಿಯೇ ಮುಂದೆ ಹೋಗಿ.

ಡಿಗ್ರಿಗಳನ್ನು ಮೀಟರ್‌ಗೆ ತರುವುದು ಮುಂದಿನ ಕೆಲಸ. ನಮ್ಮ ಭಾಗದಲ್ಲಿ ತೆಂಕು-ಬಡಗು ಒಂದು ಡಿಗ್ರಿ ಸುಮಾರು 111 ಕಿ.ಮೀ., ಮೂಡು-ಪಡು ಸುಮಾರು 106. ಎರಡೂ ಒಂದೇ ಅಂದುಕೊಂಡರೆ ದೂರ ತಪ್ಪುತ್ತದೆ. 'ಎಸ್‌ಟಿ_ಟ್ರಾನ್ಸ್‌ಫಾರ್ಮ್'ಗೆ 32643 ಕೊಡಿ. ಅದು ಯುಟಿಎಂ, ಅಂದರೆ ಭೂಮಿಯನ್ನು ಪಟ್ಟಿಗಳಾಗಿ ಸೀಳಿ ಮೀಟರ್‌ನಲ್ಲಿ ಅಳೆಯುವ ಪದ್ಧತಿಯ 43ನೇ ಉತ್ತರ ವಲಯ. ಬೀದರ್, ಯಾದಗಿರಿಗೂ ಇದೇ ಸಾಕು.

ಈಗ 'ಎಸ್‌ಟಿ_ನಿಯರೆಸ್ಟ್_ಫೀಚರ್'ಗೆ ಮೊದಲು ಊರು, ಆಮೇಲೆ ಕೇಂದ್ರ ಕೊಡಿ. ಪ್ರತಿ ಊರಿಗೂ ಒಂದು ಸಂಖ್ಯೆ ಬರುತ್ತದೆ. ಅದು ದೂರವಲ್ಲ, ಕೇಂದ್ರಗಳ ಪಟ್ಟಿಯಲ್ಲಿ ಎಷ್ಟನೇ ಸಾಲು ಅನ್ನುವುದು. ಆ ಸಾಲುಗಳನ್ನು ಆರಿಸಿಕೊಂಡು 'ಎಸ್‌ಟಿ_ಡಿಸ್ಟೆನ್ಸ್' ಕೇಳಿದರೆ ದೂರ ಮೀಟರ್‌ನಲ್ಲಿ ಸಿಗುತ್ತದೆ. 'ಬೈ_ಎಲಿಮೆಂಟ್' ಅನ್ನು ಟ್ರೂ ಮಾಡಿ. ಇಲ್ಲದಿದ್ದರೆ ಎಲ್ಲ ಊರಿಗೂ ಎಲ್ಲ ಕೇಂದ್ರದ ದೂರ ಹಾಕಿ ದೊಡ್ಡ ಕೋಷ್ಟಕ ಸುರಿಯುತ್ತದೆ.

ಊರಿಗೆ ಹತ್ತಿರದ ಊರು ಬೇಕಾ? ಅದೇ 'ಎಸ್‌ಟಿ_ನಿಯರೆಸ್ಟ್_ಫೀಚರ್'ಗೆ ಊರುಗಳ ಪಟ್ಟಿಯನ್ನು ಒಂದೇ ಸಲ ಕೊಡಿ. ಎರಡು ಸಲ ಕೊಟ್ಟರೆ ಪ್ರತಿ ಊರಿಗೂ ಅದೇ ಊರು ಹತ್ತಿರ, ದೂರ ಸೊನ್ನೆ ಅನ್ನುತ್ತದೆ. ಹತ್ತಿರದ ಮೂರು ಕೇಂದ್ರ ಬೇಕಿದ್ದರೆ 'ಎಫ್ಎನ್ಎನ್' ಪ್ಯಾಕೇಜ್ ಇದೆ.

ಇದೆಲ್ಲ ನೇರ ಗೆರೆ ಎಳೆದ ದೂರ, ಅಲ್ವಾ? ನಡುವೆ ಭೀಮಾ ನದಿ ಇರುವುದು ಈ ಲೆಕ್ಕಕ್ಕೆ ಗೊತ್ತಿಲ್ಲ. ಆಚೆ ದಡದ ಕೇಂದ್ರ ಲೆಕ್ಕದಲ್ಲಿ ಹತ್ತಿರ ಬಂದರೂ ತೊಗರಿ ಚೀಲ ಹೇರಿದ ಟ್ರ್ಯಾಕ್ಟರ್ ಸೇತುವೆ ಸುತ್ತಿಕೊಂಡೇ ಹೋಗಬೇಕು. ಸುಲಭದ ದಾರಿ ಅಂದರೆ ಎರಡೂ ಪಟ್ಟಿಗೆ 'ದಡ' ಅಂತ ಒಂದು ಕಾಲಂ ಸೇರಿಸಿ, ಈಚೆ ದಡಕ್ಕೊಮ್ಮೆ, ಆಚೆ ದಡಕ್ಕೊಮ್ಮೆ ಲೆಕ್ಕ ಓಡಿಸುವುದು. ಸೇತುವೆ ಪಕ್ಕದ ಊರುಗಳನ್ನು ಮಾತ್ರ ರಸ್ತೆ ನಕ್ಷೆ ಇಟ್ಟುಕೊಂಡು ಕೈಯಾರೆ ನೋಡಿ.